ಮೂರು ಡೆಸಿಬಲ್

ಅಕ್ಕನ ಪಕ್ಕ ನಿಂತರೆ ತನ್ನ ದನಿ ಯಾರಿಗೂ ಕೇಳಿಸುವುದೇ ಇಲ್ಲವೇನೋ ಎಂಬ ಅಳುಕನ್ನು ಮಂದಾಕಿನಿ ತನ್ನೊಳಗೇ ಹೇಳಿಕೊಂಡಿದ್ದಳು, ಹೊರಗೆಂದೂ ಆಡಿರಲಿಲ್ಲ. ಹೊಗಳಿಕೆಯೆಲ್ಲ ಅಕ್ಕನ ಪಾಲಾದಾಗ ಹೊಟ್ಟೆಯಲ್ಲಿ ಏಳುವ ಉರಿಯನ್ನು ನಗುತ್ತಲೇ ನುಂಗುತ್ತಿದ್ದಳು.

ನಾಳೆ ಇಬ್ಬರೂ ಸೇರಿ ಹಾಡುವ ಸ್ಪರ್ಧೆ. ಭೌತಶಾಸ್ತ್ರದ ಮೇಷ್ಟ್ರಾದ ಸೋದರಮಾವ ದನಿ ಎಷ್ಟು ಜೋರಿದೆಯೆಂದು ಅಳೆಯುವ ಕಾಲೇಜಿನ ಡೆಸಿಬಲ್ ಮೀಟರ್ ತಂದು ಎದುರಿಗೆ ಕೂತಿದ್ದರು. ಇಬ್ಬರೂ ಹಾಡಿದಾಗ ಅದು ಎಂಬತ್ತಮೂರು ತೋರಿಸಿತು. ಅಕ್ಕ ಒಬ್ಬಳೇ ಹಾಡಿದಾಗ ಎಂಬತ್ತು.

“ನೋಡಿದ್ಯಾ, ನಿನ್ನದು ಬರೀ ಮೂರು ಕಣೇ,” ಅಕ್ಕ ನಕ್ಕಳು. “ಅಷ್ಟಕ್ಕೆ ನಿನಗ್ಯಾಕೆ ವೇದಿಕೆ? ಒಬ್ಬಳೇ ಹಾಡೋ ಸ್ಪರ್ಧೆಗೆ ಹೆಸರು ಬದಲಾಯಿಸ್ತೀನಿ ಬಿಡು.”

ಮಂದಾಕಿನಿ ಎಂದಿನಂತೆ ತಲೆಯಾಡಿಸಿದಳು.

“ಮೊದಲು ನೀನೂ ಒಂದು ಸಲ ಒಬ್ಬಳೇ ಹಾಡಮ್ಮ,” ಎಂದರು ಮಾವ.

ಅವಳು ಕಣ್ಣು ಮುಚ್ಚಿ ಪಲ್ಲವಿ ಹಾಡಿದಳು. ಕಣ್ಣು ತೆರೆದಾಗ ಅಕ್ಕ ಮೀಟರನ್ನೇ ದಿಟ್ಟಿಸುತ್ತಿದ್ದಳು. ಅದರಲ್ಲಿ ಎಂಬತ್ತು ಇತ್ತು.

“ಮೀಟರ್ ಕೆಟ್ಟಿದೆ ಮಾವ,” ಎಂದಳು ಅಕ್ಕ.

“ಕೆಟ್ಟಿಲ್ಲ. ಶಬ್ದದ ಲೆಕ್ಕವೇ ಹಾಗೆ. ಸರಿಸಮ ಇರೋ ಎರಡು ದನಿ ಸೇರಿದ್ರೆ ಹೆಚ್ಚೋದು ಮೂರೇ.”

ಮಂದಾಕಿನಿ ಈ ಸಲ ಏನನ್ನೂ ನುಂಗಲಿಲ್ಲ.

“ಹಾಗಾದ್ರೆ ಅಕ್ಕಾ, ನಿನ್ನದೂ ಮೂರೇ.”