ಬಂಬಿನ ಬೆಸುಗೆ

ಮಾಡಿದ ತಪ್ಪನ್ನು ಡೈರಿಯಲ್ಲಿ ಬರೆದುಬಿಟ್ಟರೆ ಮನೆಯವರಿಗೆ ಹೇಳಿದ ಹಾಗೆ ಆಗುತ್ತದೆಯೇ ಎಂದು ವಿಜೇತಾ ಬಚ್ಚಲಿನ ಬಾಗಿಲಲ್ಲಿ ನಿಂತು ತನ್ನನ್ನೇ ಕೇಳಿಕೊಂಡಳು. ನಿನ್ನೆ ಸಂಜೆ ಅವಳು ನೀರು ತುಂಬಲು ಮರೆತು, ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿಗೆ ಬೆಂಕಿ ಹಾಕಿದ್ದಳು. ಖಾಲಿ ಬಂಬು ಕಾದರೆ ಬೆಸುಗೆ ಬಿಡುತ್ತದೆ.

ಇವತ್ತು ಭಾನುವಾರ, ಅದನ್ನು ತೊಳೆಯುವ ದಿನ. ಬೊಬ್ರುವಾಡದ ಈ ಮನೆಗೆ ಬಂದು ಎರಡು ತಿಂಗಳಾಗಿದ್ದ ಅಣ್ಣನ ಹೆಂಡತಿ ರಕ್ಷಿತಾ, ಬೆಂಕಿ ಉರಿಯುವ ನಡುವಿನ ಕೊಳವೆಯಿಂದ ಹೊಟ್ಟಿನ ಉಂಡೆಗಳ ಬೂದಿ ತೆಗೆದು, ಸಲಾಕೆಯಿಂದ ಮಸಿ ಕೆರೆದು, ಹೊರಗೆಲ್ಲ ಹುಣಸೆಹಣ್ಣು ತಿಕ್ಕಿದಳು. ಆಮೇಲೆ ತುಂಬಿದ ನೀರು ಕೊಳವೆಯೊಳಗೆ ಸೋರತೊಡಗಿತು.

"ಕೆರಿ ಅಂದ್ರೆ ತೂತು ಮಾಡು ಅಂತಲ್ಲ ಮಾರಾಯ್ತಿ," ಎಂದಳು ಆಯಿ, ವಿಜೇತಾಳ ಅಮ್ಮ. "ಕಾರವಾರದ ಗೀಸರಿನವ್ರಿಗೆ ಬಂಬು ಎಲ್ಲಿ ಗೊತ್ತು. ನಮ್ಮತ್ತೆ ಕಾಲದ್ದು, ಇಷ್ಟು ವರ್ಷ ಒಂದು ಹನಿ ಸೋರ್ಲಿಲ್ಲ."

"ನಾನೇ ಜೋರು ಕೆರ್ದೆ ಕಾಣ್ತದೆ, ಆಯಿ," ಎಂದ ರಕ್ಷಿತಾ ಮಸಿ ಹತ್ತಿದ ಕೈಯನ್ನು ತಿರುಗಿಸಿ ನೋಡಿಕೊಂಡಳು, ಅದಕ್ಕೆ ಅಷ್ಟು ಬಲವಿದೆಯೇ ಎನ್ನುವಂತೆ.

ವಿಜೇತಾ ಒಳಗೆ ಬಂದು ಅವಳ ಕೈಯಿಂದ ಸಲಾಕೆ ತೆಗೆದುಕೊಂಡಳು.

"ಆಯಿ, ವೈನಿ ಎಂತದೂ ಮಾಡ್ಲಿಲ್ಲ. ನಿನ್ನೆ ನೀರಿಲ್ದೇ ಬೆಂಕಿ ಹಾಕಿದ್ದು ನಾನು."