ಅಪ್‌ಡೇಟ್ ಮುಗಿಯುವವರೆಗೆ

ಕಂಪ್ಯೂಟರಿನ ಅಪ್‌ಡೇಟಿನ ಅರವತ್ತೆರಡು ಪ್ಯಾಕೇಜುಗಳಲ್ಲಿ ಇಪ್ಪತ್ತೊಂದನೆಯದು ಕೂರುತ್ತಿದ್ದಾಗ ಯುಪಿಎಸ್ ಕೂಗತೊಡಗಿತು. ಬಿಂದುಶ್ರೀ ಗೋಡೆಯ ಸ್ಟೆಬಿಲೈಜರ್ ಕಡೆ ನೋಡಿದಳು. ಮುಳ್ಳು ನೂರ ಇಪ್ಪತ್ತು ವೋಲ್ಟಿಗೆ ಬಿದ್ದಿತ್ತು. ಕೆಳಗೆ ಹಳ್ಳದ ಪಕ್ಕ ನೆರೆತೋಟದ ರಂಗಸ್ವಾಮಿಯ ಸ್ಪ್ರಿಂಕ್ಲರ್ ಮೋಟಾರು ಶುರುವಾಗಿತ್ತು. ಮೋಟಾರುಗಳಿಗೆಂದು ದಿನಾ ಬೆಳಿಗ್ಗೆ ಬರುವ ತ್ರೀ ಫೇಸ್ ಕರೆಂಟು ಇವತ್ತು ಮಧ್ಯಾಹ್ನ ಎರಡಕ್ಕೆ ಬಂದಿದೆ ಎಂದು ಅವಳಿಗೆ ಆಗ ಹೊಳೆಯಿತು.

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಏರುತ್ತಲೇ ಇದ್ದವು. ಅವಳು ಟೈಪ್ ಮಾಡಿದ್ದು ಒಂದೇ ಸಾಲು. ಎಂಟರ್ ಒತ್ತಿದ ಮೇಲೆ ಅದು ಅವಳ ಕೈಯಲ್ಲಿರಲಿಲ್ಲ. ಪ್ರೋಗ್ರಾಮು ಸಿದ್ಧಮಾಡಿಕೊಡುವ ಹಳೆಯ ಕಂಪೈಲರನ್ನು ಅದು ಕಿತ್ತು ಹಾಕಿಯಾಗಿತ್ತು, ಹೊಸದು ಅರ್ಧ ಕೂತಿತ್ತು. ಈಗ ಕಂಪ್ಯೂಟರ್ ಆರಿದರೆ ಎರಡೂ ಇಲ್ಲ. ಮತ್ತೆ ಮೊದಲಿಂದ ಹಾಕಿಕೊಳ್ಳಲು ದಿನಗಳು ಬೇಕು. ಅಪ್‌ಡೇಟಿನ ಫೈಲುಗಳನ್ನು ಫೋನ್ ಲೈನಿನಲ್ಲಿ ಇಳಿಸಿಕೊಳ್ಳಲಿಕ್ಕೇ ಮೂರು ದಿನ ಹಿಡಿದಿತ್ತು. ನಾಳೆ ಹತ್ತು ಗಂಟೆಗೆ ಆಲೂರಿನಲ್ಲಿ ಬೆಳೆಗಾರರ ಸಂಘದವರ ಮುಂದೆ ಅವಳು ಬರೆದ, ಕಾಫಿಯ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಮು ಓಡಬೇಕು. ಅವರ ಹೊಸ ಕಂಪ್ಯೂಟರಿಗೆ ಹಳೆಯ ಕಂಪೈಲರಿನಲ್ಲಿ ಸಿದ್ಧಮಾಡಿದ್ದು ಆಗುತ್ತಿರಲಿಲ್ಲ. ಓಡದಿದ್ದರೆ ಕೆಲಸ ಹಾಸನದ ಕಂಪ್ಯೂಟರ್ ಅಂಗಡಿಯವರಿಗೆ ಎಂದು ಕಾರ್ಯದರ್ಶಿ ಮುಖಕ್ಕೇ ಹೇಳಿದ್ದರು.

"ಅವ್ವ, ಇದನ್ನ ಯಾರೂ ಮುಟ್ಟದಂಗೆ ನೋಡ್ಕೋ."

"ಮುಟ್ಟೋದಾ? ಅದು ಬಡ್ಕಳೋದು ನೋಡಿದ್ರೆ ನಾನು ಹತ್ರಾನೂ ಹೋಗಲ್ಲ ಕಣೆ" ಎಂದಳು ದೇವೀರಮ್ಮ.

ಯುಪಿಎಸ್ ತಡೆಯುವುದು ಹತ್ತು ನಿಮಿಷ. ಬಿಂದುಶ್ರೀ ಕಾಫಿ ಗಿಡಗಳ ನಡುವೆ ಇಳಿಜಾರಿನಲ್ಲಿ ಓಡಿದಳು. ಪಂಪಿನ ಗೂಡಿನ ಮುಂದೆ ರಂಗಸ್ವಾಮಿ ಸೊಂಟಕ್ಕೆ ಕೈಕೊಟ್ಟು, ಕಡೆಯದಾಗಿ ಉಳಿದಿದ್ದ ತೋಟದ ಮೇಲಿನ ಪಟ್ಟಿಯಲ್ಲಿ ತಿರುಗುತ್ತಿದ್ದ ನೀರನ್ನು ನೋಡುತ್ತ ನಿಂತಿದ್ದ.

"ಮಾವ, ಸ್ವಲ್ಪ ಹೊತ್ತು ಮೋಟಾರು ಆಫ್ ಮಾಡ್ತೀರಾ?"

"ಯಾಕವ್ವ, ಯಾರಿಗಾದ್ರೂ ಕರೆಂಟ್ ಹೊಡೀತಾ?"

"ಇಲ್ಲ. ಕಂಪ್ಯೂಟ್ರು."

ರಂಗಸ್ವಾಮಿ ನಕ್ಕುಬಿಟ್ಟ. "ಕಾದು ಕಾದು ಬಂದಿರೋ ಸರದಿ ಕಣವ್ವ. ನಾಲ್ಕಕ್ಕೆ ತ್ರೀ ಫೇಸ್ ಹೋಯ್ತದೆ, ನಾಳೆಯಿಂದ ನೀರು ಗಿಡ್ಡಯ್ಯಂದು. ಸ್ವಲ್ಪ ತಡ್ಕಳ್ರಪ್ಪ ಅಂತ ಮೊಗ್ಗಿಗೆ ನೀನೇ ಹೇಳ್ತೀಯಾ?"

ಕಾಫಿಗೆ ಹೂ ಬಿಡಿಸುವ ಈ ನೀರು ತಪ್ಪಿದರೆ ಮೊಗ್ಗು ಗಿಡದಲ್ಲೇ ಒಣಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬದಲಿಗೆ ಕೊಡೋಣವೆಂದರೆ ಅವಳ ಮನೆಯ ಸರದಿ ಮುಗಿದು ನಾಲ್ಕು ದಿನವಾಗಿತ್ತು. ಹಳ್ಳದಲ್ಲಿ ಇನ್ನೊಂದು ಸುತ್ತಿಗೆ ನೀರೂ ಇರಲಿಲ್ಲ. ಅವಳು ತಿರುಗಿ ಹೊರಟಳು.

"ಅರ್ಧಕ್ಕೆ ನಿಂತ್ರೆ ಏನಾಯ್ತದೆ ಅದಕ್ಕೆ?" ಹಿಂದಿನಿಂದ ರಂಗಸ್ವಾಮಿ ಕೇಳಿದ.

"ಹಳೇದು ಬಿಚ್ಚಾಗೈತೆ ಮಾವ. ಹೊಸದು ಪೂರ್ತಿ ಕೂತಿಲ್ಲ. ನಾಳೆ ಸಂಘದೋರ ಮುಂದೆ ಸುಮ್ನೆ ನಿಂತ್ಕಬೇಕು."

"ಬಿಚ್ಚೋಕ್ ಮುಂಚೆ ಕರೆಂಟ್ ನೋಡ್ಕಬಾರ್ದಾ? ಓದಿದೋಳು ನೀನು!"

"ನೋಡ್ಬೇಕಿತ್ತು."

"ಎಷ್ಟು ಹೊತ್ತು?"

ಹತ್ತೇ ನಿಮಿಷ ಎಂಬ ಸುಳ್ಳು ಬಾಯಿಗೆ ಬಂದಿತ್ತು. "ಒಂದು ಗಂಟೆ ಆದ್ರೂ ಆಯ್ತದೆ" ಎಂದಳು.

ರಂಗಸ್ವಾಮಿ ಕರೆಂಟಿನವರನ್ನು ಅವರ ಅಪ್ಪಂದಿರ ಸಮೇತ ಬೈದ. ಬೈಯುತ್ತಲೇ ಗೂಡಿನೊಳಗೆ ಬಗ್ಗಿ ಸ್ವಿಚ್ ಎಳೆದ. ಮೇಲೆ ತಿರುಗುತ್ತಿದ್ದ ನೀರು ಕುಸಿದು ಬಿತ್ತು. "ನನ್ನ ಮುಖದಾಗೆ ಏನೈತೆ? ಓಡು!"

ಅವಳು ಏದುಸಿರು ಬಿಡುತ್ತ ಒಳಗೆ ಬಂದಾಗ ಯುಪಿಎಸ್ ಸುಮ್ಮನಾಗಿತ್ತು. ದೇವೀರಮ್ಮ ಬಾಗಿಲಲ್ಲೇ ನಿಂತು, ಗಂಡಾಂತರ ಕಳೆದವಳಂತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಇಪ್ಪತ್ತಾರು. ಆಮೇಲೆ ಇಪ್ಪತ್ತೇಳು. ಅರವತ್ತೆರಡೂ ಮುಗಿದು, ಪ್ರೋಗ್ರಾಮು ಹೊಸ ಕಂಪೈಲರಿನಲ್ಲಿ ಒಂದು ತಕರಾರೂ ಇಲ್ಲದೆ ಸಿದ್ಧವಾಗುವಾಗ ಮೂರೂ ಇಪ್ಪತ್ತು. ಅಂಗಳದ ತುದಿಗೆ ಹೋಗಿ "ಆಯ್ತು ಮಾವ!" ಎಂದು ಕೂಗಿದಳು. ಕೂಗು ಮುಗಿಯುವುದರೊಳಗೆ ಮೋಟಾರು ಶುರುವಾಯಿತು. ಅಷ್ಟು ಹೊತ್ತೂ ಅವನು ಸ್ವಿಚ್ಚಿನ ಹತ್ತಿರವೇ ಕೂತಿದ್ದಿರಬೇಕು. ನಾಲ್ಕಕ್ಕೆ ತ್ರೀ ಫೇಸ್ ಹೋಯಿತು. ಎರಡು ಗಂಟೆ ನೀರು ಬೇಕಿದ್ದ ಪಟ್ಟಿಗೆ ಒಂದು ಗಂಟೆಯೂ ಸಿಕ್ಕಿರಲಿಲ್ಲ.

ಮರುದಿನ ಆಲೂರಿನಲ್ಲಿ ಪ್ರೋಗ್ರಾಮು ಓಡಿತು. ಕೆಲಸ ಅವಳದಾಯಿತು.

ಒಂಬತ್ತನೆಯ ದಿನ ರಂಗಸ್ವಾಮಿಯ ಇಳಿಜಾರು ಬೆಳ್ಳಗೆ ಹೂ ಬಿಟ್ಟಿತು. ಸಂಘದ ಕೆಲಸಕ್ಕೆಂದು ಬಸ್ಸಿಗೆ ಹೊರಟಿದ್ದ ಬಿಂದುಶ್ರೀ ಬೇಲಿಯ ಹತ್ತಿರ ನಿಂತಳು. ತೋಟದ ಮೇಲಿನ ಪಟ್ಟಿಯಲ್ಲಿ ಮಾತ್ರ ಬಿಳಿ ಇರಲಿಲ್ಲ. ಮೊಗ್ಗುಗಳು ಕಂದಿ ಹೋಗಿದ್ದವು. ಬೇಲಿಯ ಆಚೆ ಗಿಡ್ಡಯ್ಯ ರಂಗಸ್ವಾಮಿಯನ್ನು ಅದನ್ನೇ ಕೇಳುತ್ತಿದ್ದ.

"ಏನ್ ರಂಗಸ್ವಾಮಿ, ಅಲ್ಲಿ ಒಂದು ಹೂವೂ ಇಲ್ವಲ್ಲ!"

"ಪೈಪ್ ಒಡೆದೋಗಿತ್ತು ಮಾರಾಯ."

"ಪೈಪ್ ಒಡೆದಿರ್ಲಿಲ್ಲ ಗಿಡ್ಡಯ್ಯಣ್ಣ" ಎಂದಳು ಬಿಂದುಶ್ರೀ. "ನನ್ನ ಕಂಪ್ಯೂಟರ್ ಕೆಡ್ತದೆ ಅಂತ ಮಾವ ಮೋಟಾರು ನಿಲ್ಸಿದ್ರು. ನಾನೇ ಕೇಳಿದ್ದು."

"ನಿನ್ನ ಯಾರು ಕೇಳಿದ್ರೀಗ?" ರಂಗಸ್ವಾಮಿಗೆ ನಿಜವಾಗಿ ಸಿಟ್ಟು ಬಂದಿತ್ತು. ಅವನು ಬೆನ್ನು ತಿರುಗಿಸಿ ತೋಟದೊಳಗೆ ಹೋಗಿಬಿಟ್ಟ.

ಗಿಡ್ಡಯ್ಯ ಕಂದಿದ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ನನ್ನ ಸರದೀಲಿ ಬಂದು ಕೇಳಿದ್ರೆ ನಾನಂತೂ ನಿಲ್ಲಿಸ್ತಿರ್ಲಿಲ್ಲ ಕಣವ್ವ" ಎಂದ.