ಒಂದೇ ಮೇಕ್‌ಫೈಲ್

ಪರದೆಯ ಮೇಲೆ ಏನೂ ಬರಬಾರದಿತ್ತು. ಅವಳು ಕೋಡಿನ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಅದರ ತುಂಡುಗಳನ್ನು ಓಡುವ ತಂತ್ರಾಂಶವಾಗಿ ಕಟ್ಟುವ ಕ್ರಮವನ್ನಷ್ಟೇ ಹೊಸದಾಗಿ ಬರೆದು, ಗಿರಾಕಿಗಳಿಗೆ ಕಳಿಸುವ ತಂತ್ರಾಂಶ ತಯಾರಾಗುವ ಮೂಲೆಯ ಕಂಪ್ಯೂಟರಿನಲ್ಲಿ ಓಡಿಸಿದ್ದಳು. ಮಾಡಲು ಕೆಲಸವೇ ಇಲ್ಲ ಎಂದು ಹೇಳಿ ಸುಮ್ಮನಾಗಬೇಕಾದ ಆ ಕಂಪ್ಯೂಟರ್ ಒಂದೇ ಒಂದು ಕಡತವನ್ನು ಎತ್ತಿಕೊಂಡು ಮತ್ತೆ ಕಟ್ಟತೊಡಗಿತು. ಅವಳು ಹೆಸರು ನೋಡಿದಳು. ಅದು ಅಲಾರಂನ ಕಡತ.

“ಮೇಷ್ಟ್ರೇ, ಸ್ವಲ್ಪ ಇಲ್ಲಿ ಬನ್ನಿ.”

ಎಲ್ಲವನ್ನೂ ಎರಡೆರಡು ಸಲ ವಿವರಿಸುವ ಚಾಳಿಯಿಂದ ತಂಡದ ಹಿರಿಯರಿಗೆ ಆ ಹೆಸರು ಅಂಟಿಕೊಂಡಿತ್ತು. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪಿಗೆ ಆ ಕಚೇರಿಯವರು ತಂತ್ರಾಂಶ ಬರೆಯುತ್ತಿದ್ದರು. ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕೆಂದು ಹೇಳುವ ಹಳೆಯ ಮೇಕ್‌ಫೈಲುಗಳೆಲ್ಲ ಮೇಷ್ಟ್ರು ಬರೆದವೇ, ಫೋಲ್ಡರಿಗೊಂದರಂತೆ. ಮೇಲಿನದು ಕೆಳಗಿನದನ್ನು ಕರೆಯುತ್ತದೆ, ಅದು ತನ್ನ ಕೆಳಗಿನದನ್ನು. ಪಾಲಾಗಿ ಬೇರೆ ಹೋದ ಅಣ್ಣತಮ್ಮಂದಿರ ಹಾಗೆ, ಒಂದಕ್ಕೆ ಇನ್ನೊಂದರ ಮನೆಯ ಗೊಡವೆಯೇ ಇಲ್ಲ. ಅವಳು ಅವನ್ನೆಲ್ಲ ಕಿತ್ತುಹಾಕಿ ಇಡೀ ಸಂಸಾರಕ್ಕೆ ಒಂದೇ ಮೇಕ್‌ಫೈಲ್ ಬರೆದಿದ್ದಳು. ಯಾವ ಕಡತ ಯಾವುದನ್ನು ನೆಚ್ಚಿಕೊಂಡಿದೆ ಎಂಬುದೆಲ್ಲ ಈಗ ಒಂದೇ ಕಡೆ ಇತ್ತು.

“ಏನಮ್ಮಾ, ಒಂದೇ ಮನೆ ಮಾಡಿದ ತಕ್ಷಣ ಜಗಳ ಶುರುವಾಯ್ತಾ?” ಎಂದು ನಗುತ್ತ ಬಂದ ಮೇಷ್ಟ್ರು ಪರದೆ ನೋಡಿದರು. “ಅಲಾರಂನ ಯಾಕೆ ಮತ್ತೆ ಕಟ್ತಾ ಇದೆ? ಅದನ್ನ ಯಾರೂ ಮುಟ್ಟಿಲ್ವಲ್ಲ.”

“ಅದನ್ನ ಮುಟ್ಟಿಲ್ಲ. ಆದ್ರೆ ಅದು ನೆಚ್ಚಿಕೊಂಡಿರೋ ಕಡತ ಪಕ್ಕದ ಫೋಲ್ಡರಲ್ಲಿದೆ. ಅದನ್ನ ನಾನು ಬದಲಾಯಿಸಿದ್ದೆ. ಹನಿ ನಿಂತ್ರೆ ಬರೀ ದೀಪ ಸಾಲ್ದು, ಸದ್ದೂ ಬರ್ಲಿ ಅಂತ.”

“ಅದು ಎರಡು ವರ್ಷದ ಹಿಂದಿನ ಮಾತು!”

“ಹೌದು. ಪಕ್ಕದ ಫೋಲ್ಡರ್ ಬದಲಾಗಿದ್ದು ಹಳೇ ಮೇಕ್‌ಫೈಲಿಗೆ ಗೊತ್ತೇ ಆಗಿಲ್ಲ. ಎರಡು ವರ್ಷದಿಂದ ಇಲ್ಲಿ ಅಲಾರಂನ ಮತ್ತೆ ಕಟ್ಟೇ ಇಲ್ಲ, ಮೇಷ್ಟ್ರೇ.”

ಮೇಷ್ಟ್ರು ಕುರ್ಚಿ ಎಳೆದು ಕೂತು, ಹಿಂದೆ ಕಟ್ಟಿಟ್ಟಿದ್ದ ಅಲಾರಂ ತುಂಡಿನ ತಾರೀಖು ನೋಡಿದರು. ಅವಳ ಸ್ವಂತ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಿದ್ದರಿಂದ ಪರೀಕ್ಷೆಗೆಂದು ಅವಳ ಮೇಜಿನ ಮೇಲಿಟ್ಟಿದ್ದ ಪಂಪು ಹನಿ ನಿಂತರೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಗಳಿಗೆ ಹೋಗುವುದು ಈ ಮೂಲೆಯ ಕಂಪ್ಯೂಟರ್ ಕಟ್ಟಿದ್ದು. ಇದು ಸಮಯ ಉಳಿಸಲು ಹಳೆಯ ತುಂಡುಗಳನ್ನು ಇಟ್ಟುಕೊಂಡು ಹಾಗೇ ಸೇರಿಸಿಬಿಡುತ್ತದೆ. ಬ್ಯಾಟರಿ ಇಳಿದಾಗ ಬರುವ ಸದ್ದು ಬೇರೆ ಫೋಲ್ಡರಿನದು, ಅದು ಸರಿಯಾಗಿಯೇ ಬರುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಹೊರಗೆ ಹೋದ ಒಂದು ಪಂಪೂ ಹನಿ ನಿಂತಾಗ ಸದ್ದು ಮಾಡಿರಲಿಲ್ಲ. ದೀಪ ಮಿಟುಕಿಸಿತ್ತು, ಅಷ್ಟೇ.

“ನಿಮ್ಮಕ್ಕ…” ಎಂದರು ಮೇಷ್ಟ್ರು.

ಅಕ್ಕ ಈ ಪಂಪುಗಳಿದ್ದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಹೋದ ವರ್ಷ ಎರಡು ಪಾಳಿ ಒಟ್ಟಿಗೆ ಮಾಡಿದ ದಿನ ಅವಳು ವಾರ್ಡಿನ ಆ ತುದಿಯ ಮೇಜಿನಲ್ಲಿ ಕೂತಿದ್ದಾಗ, ಈ ತುದಿಯಲ್ಲಿ ಮುದುಕರೊಬ್ಬರ ರಕ್ತದೊತ್ತಡ ಹಿಡಿದಿಟ್ಟಿದ್ದ ಔಷಧಿಯ ಹನಿ ನಿಂತುಹೋಯಿತು. ಅವರು ಉಳಿಯಲಿಲ್ಲ. ಸದ್ದೇ ಬರಲಿಲ್ಲ ಎಂದು ಅಕ್ಕ ವಿಚಾರಣೆಯಲ್ಲಿ ಗೋಗರೆದಳು. ವಿಚಾರಣೆಯವರು ಪಂಪಿನ ಸದ್ದು ಪರೀಕ್ಷಿಸಲು ಈ ಕಚೇರಿಗೆ ಬಂದಾಗ, ಬೇರೆ ಯಾರಾದರೂ ತೋರಿಸಲಿ ಬಿಡಮ್ಮ ಎಂದು ಮೇಷ್ಟ್ರು ಹೇಳಿದರೂ ತಂಗಿ ಕೇಳಲಿಲ್ಲ. ತನ್ನ ಕೆಲಸದ ಮೇಲೆ ಅವಳಿಗೆ ಅಷ್ಟು ಭರವಸೆ. ತನ್ನ ಮೇಜಿನ ಪಂಪಿನ ನಳಿಕೆಯನ್ನು ತಾನೇ ಹಿಸುಕಿ ತೋರಿಸಿದಳು. ಕಿವಿ ಗಡಚಿಕ್ಕುವ ಸದ್ದು ಬಂತು. ಮನೆಗೆ ಹೋಗಿ, “ಅದು ನಾನೇ ಹಾಕಿರೋ ಸದ್ದು ಅಕ್ಕಾ. ನಿನಗೆ ಜೋಂಪು ಹತ್ತಿರಬೇಕು,” ಎಂದಳು, ನೋವಾಗದಿರಲಿ ಎಂದು ಮೆಲ್ಲಗೆ. ಮರುದಿನ ಅಕ್ಕ ವಿಚಾರಣೆಗೆ ಹೋಗಿ, ಸದ್ದು ಬಂದಿತ್ತು, ನಾನೇ ಏಳಲಿಲ್ಲ ಎಂದು ಒಪ್ಪಿಕೊಂಡು ಬಂದಳು. ಈಗ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಕೆದರಿಹೋದದ್ದನ್ನು ಮಡಿಸಿಡುತ್ತಾಳೆ.

“ಎಲ್ಲಾ ಆಸ್ಪತ್ರೆಗೂ ಈಗಲೇ ಹೇಳ್ಬೇಕು. ಒಂದು ಪಂಪೂ ಓಡಬಾರ್ದು,” ಎಂದು ಮೇಷ್ಟ್ರು ಎದ್ದರು. ಫೋನ್ ಕೈಗೆತ್ತಿಕೊಂಡರು. “ಮೇಲಿನವರ ಹತ್ರ ನಾನು ಮಾತಾಡ್ತೀನಿ. ಆ ಮೇಕ್‌ಫೈಲು ನಂದು. ನೀನು ಅಕ್ಕನಿಗೆ ಫೋನ್ ಮಾಡಮ್ಮ, ಮೊದಲು ಅವಳಿಗೆ ಮಾಡು.”

ಅಕ್ಕ ಫೋನ್ ಎತ್ತಿದಾಗ ಹಿಂದೆ ಅಂಗಡಿಯ ಗಲಾಟೆ ಕೇಳಿಸಿತು.

“ಅಕ್ಕಾ, ಅವತ್ತು ಸದ್ದು ಬಂದಿರ್ಲಿಲ್ಲ. ನೀನು ಮೊದಲು ಹೇಳಿದ್ದೇ ನಿಜ. ನನ್ನ ಮೇಜಿನ ಮೇಲಿರೋ ಪಂಪು ಮಾತ್ರ ಹೊಡ್ಕೊಳ್ತಿತ್ತು. ನಿಮ್ಮ ಆಸ್ಪತ್ರೇದು ಹೊಡ್ಕೊಳ್ಳೋ ಹಾಗೇ ಇರ್ಲಿಲ್ಲ ಅಕ್ಕಾ. ನೀನು ಮಲಗಿರ್ಲಿಲ್ಲ.”

ಚಿಕ್ಕಂದಿನಲ್ಲಿ ತಂಗಿಗೆ ಜ್ವರ ಬಂದಾಗ ಮಾತಾಡುತ್ತಿದ್ದ ಅದೇ ದನಿಯಲ್ಲಿ ಅಕ್ಕ ಹೇಳಿದಳು:

“ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಪುಟ್ಟಿ. ಬಂದಿತ್ತು ಕಣೆ. ನನಗೆ ಈಗಲೂ ದಿನಾ ಕೇಳಿಸುತ್ತಲ್ಲ.”